ಎಡೆದೊರೆ ನಾಡಿನ ಹೊಸ ಕ್ಯಾಂಪೇನಿಗೆ ಯಾವ ನಿಯಮ ಪದ್ಧತಿ?

ಗುಡ್ಡದ ಬುಡ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಒಬ್ಬರು ಕಥೆ ನಡೆಸಿ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡಿ, ಅನುಮಾನವಿದ್ದ ಕಡೆ ದಾಳ ಎಸೆದು ನಿರ್ಧರಿಸುವ ಆಟಗಳ ಮಾತು ಇದು; ವಾರದಿಂದ ವಾರಕ್ಕೆ ಮುಂದುವರಿಯುವ ಒಂದು ಕಥೆಯೇ ಕ್ಯಾಂಪೇನು, ಪಾತ್ರದ ಬಲ ಏರುವ ಮೆಟ್ಟಿಲೇ ಲೆವೆಲ್. ನಮ್ಮ ಮೇಜಿನಲ್ಲಿ ಎಂಟು ತಿಂಗಳು ನಡೆದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೆಯ ಆವೃತ್ತಿಯ ಕ್ಯಾಂಪೇನು, ಪಾತ್ರಗಳು ಆರನೆಯ ಲೆವೆಲ್ ಮುಟ್ಟುವ ಹೊತ್ತಿಗೆ ನಿಂತುಹೋಯಿತು. ಯಾರ ನಡುವೆಯೂ ಜಗಳವಾಗಿರಲಿಲ್ಲ. ಭಾನುವಾರ ಮಧ್ಯಾಹ್ನ ನಮಗೆ ಸಿಗುವುದು ಮೂರು ಗಂಟೆ. ಅದರಲ್ಲಿ ಎರಡು ಗಂಟೆಯನ್ನು ಒಂದೇ ಕಾಳಗ ನುಂಗಿದರೆ, ಉಳಿದ ಹೊತ್ತಿನಲ್ಲಿ ಕಥೆಯನ್ನು ಹಿಂದಿನ ವಾರ ಬಿಟ್ಟಲ್ಲಿಂದ ಎತ್ತಿಕೊಳ್ಳುವುದೇ ಆಗುತ್ತಿತ್ತು.

ಹೊಸ ಕ್ಯಾಂಪೇನನ್ನು ನಮ್ಮದೇ ನೆಲದಲ್ಲಿ, ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನಲ್ಲಿ, 1520ರ ರಾಯಚೂರು ಕದನಕ್ಕೆ ಹಿಂದಿನ ಕೆಲವು ತಿಂಗಳುಗಳಲ್ಲಿ ಇಡಬೇಕೆಂದು ನಿಶ್ಚಯಿಸಿದ್ದೇನೆ. ಕುದುರೆ ಕೊಳ್ಳಲೆಂದು ಕೃಷ್ಣದೇವರಾಯ 40,000 ಪರ್ದಾವ್ (ಚಿನ್ನದ ನಾಣ್ಯ) ಕೊಟ್ಟು ಗೋವೆಗೆ ಕಳುಹಿಸಿದ ವರ್ತಕನೊಬ್ಬ ಹಣದೊಡನೆ ಬಿಜಾಪುರದ ಆದಿಲ್‌ಶಾಹನ ಕಡೆಗೆ ಓಡಿಹೋದದ್ದೇ ಯುದ್ಧಕ್ಕೆ ನೆಪವಾಯಿತೆಂದು ಪೋರ್ಚುಗೀಸ್ ವರ್ತಕ ನುನಿಜ್ ಬರೆದಿದ್ದಾನೆ. ಆ ಹಣದ ಜಾಡು ಹಿಡಿದು ಹೊರಡುವ ಐವರು ಓಲೆಕಾರರು ನಮ್ಮ ಪಾತ್ರಗಳು. ಅವರು ದೊಡ್ಡ ವೀರರಲ್ಲ. ಕೋಟೆಯ ಬಾಗಿಲಲ್ಲಿ ಸುಳ್ಳು ಹೇಳುವುದು, ರಾತ್ರಿ ಹರಿಗೋಲಿನಲ್ಲಿ ಹೊಳೆ ದಾಟುವುದು, ಬೇರೊಬ್ಬರ ಪತ್ರವನ್ನು ಬಿಚ್ಚಿ ಓದಿ ಮತ್ತೆ ಮೊದಲಿನಂತೆ ಮಡಿಸಿಡುವುದು, ಕತ್ತಿ ಹಿರಿಯುವ ಸಂದರ್ಭವನ್ನು ಆದಷ್ಟು ತಪ್ಪಿಸಿಕೊಳ್ಳುವುದು ಅವರ ಕೆಲಸ.

ಆಟಗಾರರು ಐದು ಮಂದಿ. ಇಬ್ಬರಿಗೆ ಇಂಗ್ಲಿಷ್ ಪುಸ್ತಕವನ್ನು ಸರಾಗವಾಗಿ ಓದಲು ಆಗುವುದಿಲ್ಲ; ಒಬ್ಬರು ಈವರೆಗೆ ಚೌಕಾಬಾರದ ಹೊರತು ಬೇರೆ ಆಟ ಆಡಿದವರಲ್ಲ. ಹೀಗಾಗಿ ನಾನು ಹುಡುಕುತ್ತಿರುವ ನಿಯಮವನ್ನು ಪುಸ್ತಕ ತೆರೆಯದೆ ಕನ್ನಡದಲ್ಲಿ ಬಾಯಿಮಾತಿನಲ್ಲಿ ಹೇಳಿ ಮುಗಿಸಲು ಬರಬೇಕು. ಜೊತೆಗೆ, ದಾಳ ಕೈಕೊಟ್ಟಾಗ ಕಥೆ ಅಲ್ಲಿಯೇ ನಿಂತುಬಿಡಬಾರದು. ಆಡಿಸಿ ಅನುಭವವಿದ್ದವರು ದಯವಿಟ್ಟು ಹೇಳಿ.

ದೋಆಬದ ದಾರಿ, ರಾಯಚೂರು

ನೀವು ಹೇಳಿದ ಕೆಲಸಗಳನ್ನು ನೋಡಿದರೆ ಶೇಕಡಾವಾರು ಪದ್ಧತಿಯೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. 1978ರ ರೂನ್‌ಕ್ವೆಸ್ಟ್‌ನಿಂದ ಹುಟ್ಟಿ, 1980ರಲ್ಲಿ ಬೇಸಿಕ್ ರೋಲ್‌ಪ್ಲೇಯಿಂಗ್ ಎಂಬ ಹೆಸರಿನಲ್ಲಿ ಬೇರೆಯಾಗಿ ಬಂದು, ಮರುವರ್ಷ ಕಾಲ್ ಆಫ್ ಕ್ತುಲ್ಹು ಎಂಬ ಆಟದ ಬೆನ್ನೆಲುಬಾದ ಪದ್ಧತಿ ಇದು. ಪಾತ್ರದ ಹಾಳೆಯಲ್ಲಿ ‘ಹರಿಗೋಲು 55’ ಎಂದು ಬರೆದಿದ್ದರೆ ನೂರಕ್ಕೆ ಐವತ್ತೈದು ಸಲ ಆ ಕೆಲಸ ಕೈಗೂಡುತ್ತದೆ ಎಂದಷ್ಟೇ ಅರ್ಥ. ಹತ್ತು ಮುಖದ ಎರಡು ದಾಳಗಳಿಂದ ಒಂದರಿಂದ ನೂರರೊಳಗಿನ ಅಂಕ ಬರುತ್ತದೆ; ಅದು 55 ಅಥವಾ ಕಡಿಮೆಯಾದರೆ ಗೆಲುವು. ಎಪಿಎಂಸಿಯಲ್ಲಿ ಹತ್ತಿಯ ತೇವ ಲೆಕ್ಕ ಹಾಕುವ ನಮ್ಮ ಜನಕ್ಕೆ ಶೇಕಡಾ ಎಂದರೇನೆಂದು ಯಾರೂ ವಿವರಿಸಬೇಕಾಗಿಲ್ಲ.

ಕಾಳಗ ಉದ್ದವಾಗುತ್ತದೆ ಎಂಬ ನಿಮ್ಮ ದೂರಿಗೂ ಇಲ್ಲಿ ಉತ್ತರವಿದೆ. ಐದನೆಯ ಆವೃತ್ತಿಯಲ್ಲಿ ಆರನೆಯ ಲೆವೆಲ್ಲಿನ ಯೋಧನಿಗೆ ಐವತ್ತರ ಆಸುಪಾಸಿನಲ್ಲಿ ಹಿಟ್ ಪಾಯಿಂಟ್ (ಏಟು ತಾಳುವ ಅಂಕ) ಇರುತ್ತವೆ, ಬಾಣವೊಂದು ಸರಾಸರಿ ಏಳೆಂಟನ್ನು ಕಳೆಯುತ್ತದೆ. ಅಂದರೆ ಆತ ಆರೇಳು ಬಾಣ ತಿಂದರೂ ನಿಂತಿರುತ್ತಾನೆ. ಬೇಸಿಕ್ ರೋಲ್‌ಪ್ಲೇಯಿಂಗ್‌ನಲ್ಲಿ ಹಿಟ್ ಪಾಯಿಂಟ್ ಎಂದರೆ ದೇಹದಾರ್ಢ್ಯ ಮತ್ತು ಗಾತ್ರಗಳ ಸರಾಸರಿ, ಸಾಮಾನ್ಯವಾಗಿ ಹನ್ನೆರಡೋ ಹದಿಮೂರೋ ಬರುತ್ತದೆ, ಮತ್ತು ವರ್ಷಗಟ್ಟಲೆ ಆಡಿದರೂ ಅದು ಬೆಳೆಯುವುದಿಲ್ಲ. ಎರಡು ಭರ್ಜಿಯೇಟಿಗೆ ಮನುಷ್ಯ ನೆಲಕ್ಕೆ ಬೀಳುತ್ತಾನೆ. ಇದು ಗೊತ್ತಿರುವ ಆಟಗಾರ ಕಾವಲುಗಾರನೊಡನೆ ಮಾತಿಗಿಳಿಯುತ್ತಾನೆ, ಕತ್ತಿಗೆ ಕೈಹಾಕುವುದಿಲ್ಲ. ಓಲೆಕಾರರ ಕಥೆಗೆ ಬೇಕಾದದ್ದು ಅದೇ.

ಹಳೆಯ ಸಂಗಾತಿ, ಬಳ್ಳಾರಿ

ಅಣ್ಣಾ, ನಾನು ಆ ಎಂಟು ತಿಂಗಳ ಮೇಜಿನಲ್ಲಿ ಕುಳಿತವನು, ಆದ್ದರಿಂದ ಐದನೆಯ ಆವೃತ್ತಿಯ ಪರವಾಗಿ ಎರಡು ಮಾತು ಹೇಳಲೇಬೇಕು. ಇಪ್ಪತ್ತು ಮುಖದ ದಾಳವನ್ನು ಎರಡು ಸಲ ಎಸೆದು ಹೆಚ್ಚಿನದನ್ನು ಇಟ್ಟುಕೊಳ್ಳುವ ‘ಅಡ್ವಾಂಟೇಜ್’ ನಿಯಮದಷ್ಟು ಸರಳವೂ ಸುಂದರವೂ ಆದ ನಿಯಮವನ್ನು ನಾನು ಬೇರೆಲ್ಲೂ ಕಂಡಿಲ್ಲ. ಹನ್ನೊಂದು ಬೇಕಿದ್ದ ಕಡೆ ನೂರಕ್ಕೆ ಐವತ್ತು ಇದ್ದ ಅವಕಾಶ ಒಂದೇ ಏಟಿಗೆ ಎಪ್ಪತ್ತೈದಾಗುತ್ತದೆ, ಕೂಡಿಸುವ ಕಳೆಯುವ ಲೆಕ್ಕವೇ ಇಲ್ಲ. ಭಾಷಾಂತರದ ತೊಡಕೂ ಇಲ್ಲ: ಆ ಪದ್ಧತಿಯ ಮೂಲ ನಿಯಮಗಳ ದಾಖಲೆಯನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದ್ದಾರೆ. ಮೂಲವನ್ನು ಹೆಸರಿಸಿ ನಾವೇ ಕನ್ನಡಕ್ಕೆ ತಂದು ಹಂಚಿದರೂ ಯಾರ ಅಡ್ಡಿಯೂ ಇಲ್ಲ. ಮುಖ್ಯವಾಗಿ, ಲೆವೆಲ್ ಏರಿದ ದಿನ ಮನೆಗೆ ಹೋಗುವಾಗ ಇರುತ್ತಿದ್ದ ಆ ಸಂತೋಷ ಹೊಸ ಆಟದಲ್ಲಿ ಎಲ್ಲಿಂದ ಬರುತ್ತದೆ?

ಕಿನ್ನಾಳ ಬಣ್ಣ, ಕೊಪ್ಪಳ

ಸೋಲಿನಿಂದ ಕಥೆ ನಿಲ್ಲಬಾರದು ಎಂಬುದೇ ನಿಮ್ಮ ಬೇಡಿಕೆಯಾಗಿದ್ದರೆ, 2010ರಲ್ಲಿ ವಿನ್ಸೆಂಟ್ ಬೇಕರ್ ಮತ್ತು ಮೆಗೀ ಬೇಕರ್ ರೂಪಿಸಿದ ಅಪೋಕಲಿಪ್ಸ್ ವರ್ಲ್ಡ್‌ನ ಮನೆತನದ ಪದ್ಧತಿಗಳನ್ನು ನೋಡದೆ ತೀರ್ಮಾನಕ್ಕೆ ಬರಬೇಡಿ. ಆರು ಮುಖದ ಎರಡು ದಾಳ ಸಾಕು, ಲೂಡೋ ಡಬ್ಬಿಯಲ್ಲಿ ಇರುವಂಥವೇ ಆಗುತ್ತವೆ. ಎರಡನ್ನೂ ಕೂಡಿಸಿ, ಪಾತ್ರದ ಒಂದು ಗುಣಾಂಕವನ್ನು (ಅದರ ಒಂದು ಗುಣಕ್ಕೆ ಇಟ್ಟ ಅಂಕವನ್ನು) ಸೇರಿಸಿದಾಗ ಹತ್ತು ಅಥವಾ ಹೆಚ್ಚು ಬಂದರೆ ಪೂರ್ಣ ಗೆಲುವು. ಏಳರಿಂದ ಒಂಬತ್ತರವರೆಗೆ ಬಂದರೆ ಗೆಲುವು ಸಿಗುತ್ತದೆ, ಆದರೆ ಅದಕ್ಕೆ ಬೆಲೆ ತೆರಬೇಕು. ಆರು ಅಥವಾ ಕಡಿಮೆ ಬಂದರೆ ಪರಿಸ್ಥಿತಿ ಕೆಡುತ್ತದೆ. ಗುಣಾಂಕ ಒಂದಿರುವ ಪಾತ್ರಕ್ಕೆ ಪೂರ್ಣ ಗೆಲುವು ನೂರಕ್ಕೆ 28, ಬೆಲೆಯುಳ್ಳ ಗೆಲುವು 44, ಸೋಲು 28. ಅಂದರೆ ನಡುವಿನ ಫಲವೇ ಎಲ್ಲಕ್ಕಿಂತ ಹೆಚ್ಚು ಬರುತ್ತದೆ, ಮತ್ತು ಕಥೆ ಹುಟ್ಟುವುದು ಅಲ್ಲಿಂದಲೇ. ಪತ್ರ ಕೈಗೆ ಸಿಕ್ಕಿತು, ಆದರೆ ಕದ್ದದ್ದು ಯಾರೆಂದು ಒಬ್ಬನಿಗೆ ಗೊತ್ತಾಯಿತು. ಆಟ ಆಡಿಸುವ ಗೇಮ್ ಮಾಸ್ಟರ್ ದಾಳವನ್ನು ಮುಟ್ಟುವುದೇ ಇಲ್ಲವಾದ್ದರಿಂದ ಹೊತ್ತೂ ಉಳಿಯುತ್ತದೆ.

ಇದರಲ್ಲಿ ಶ್ರಮವಿರುವುದು ಮೊದಲಿಗೆ. ‘ಕೋಟೆಯ ಬಾಗಿಲಲ್ಲಿ ಸುಳ್ಳು ಹೇಳುವಾಗ’, ‘ಗಡಿ ದಾಟುವಾಗ’ ಎಂದು ನಿಮ್ಮ ಕಥೆಗೆ ತಕ್ಕ ನಡೆಗಳನ್ನು ನೀವೇ ಬರೆದುಕೊಳ್ಳಬೇಕು. ಎಂಟು ಹತ್ತು ನಡೆಗಳಾದರೆ ಸಾಕು.

ಬೆಟ್ಟದ ಹಾದಿ, ಗಂಗಾವತಿ

ಕುಮ್ಮಟದುರ್ಗ ನಮ್ಮ ಕಣ್ಣೆದುರಿಗೇ ಇರುವಾಗ ಕುಮಾರರಾಮನ ಕಾಲವನ್ನೇಕೆ ಆರಿಸಿಕೊಳ್ಳಬಾರದು ಎಂಬುದು ನನ್ನ ಸಲಹೆ. ನಿಯಮದ ಮಟ್ಟಿಗೆ, ಇನ್ನೊಂದು ಪದ್ಧತಿಯಾದ ಗರ್ಪ್ಸ್‌ನ ಕಿರು ಆವೃತ್ತಿ 32 ಪುಟಗಳಲ್ಲಿ ಉಚಿತವಾಗಿ ಸಿಗುತ್ತದೆ. ಮೂರು ದಾಳ ಎಸೆದು ಕೌಶಲದ ಅಂಕಕ್ಕಿಂತ ಕಡಿಮೆ ಅಥವಾ ಅಷ್ಟೇ ಬಂದರೆ ಗೆಲುವು. ಯಾವ ಕಾಲಕ್ಕೂ ಹೊಂದುತ್ತದೆ.

ಭತ್ತದ ಗದ್ದೆ, ಸಿಂಧನೂರು

ನಾನು ಶಿಕ್ಷಕಿ. ಬೇಸಿಗೆ ರಜೆಯಲ್ಲಿ ಹೈಸ್ಕೂಲು ಮಕ್ಕಳ ಜೊತೆ ಇಂಥ ಆಟವನ್ನು ಕನ್ನಡದಲ್ಲಿಯೇ ಆಡಿಸಿದ್ದೇನೆ, ಆದ್ದರಿಂದ ಬಾಯಿಮಾತಿನಲ್ಲಿ ಹೇಳಿ ಮುಗಿಸಲು ಬರಬೇಕು ಎಂಬ ನಿಮ್ಮ ಮಾತಿನ ಬಗ್ಗೆ ಮಾತ್ರ ಬರೆಯುತ್ತೇನೆ. ನಿಯಮಗಳ ಹೆಸರನ್ನು ಇಂಗ್ಲಿಷಿನಿಂದ ಪದಕ್ಕೆ ಪದ ಇಟ್ಟು ತಂದಾಗ ಮಕ್ಕಳು ಪ್ರತಿ ಸಲವೂ ‘ಅಂದರೇನು’ ಎಂದು ಕೇಳಿದರು. ‘ಭಾಗಶಃ ಯಶಸ್ಸು’ ಎಂದಾಗ ಯಾರಿಗೂ ಹಿಡಿಯಲಿಲ್ಲ. ‘ಹದಿನಾರಾಣೆ ಗೆಲುವು’, ‘ಎಂಟಾಣೆ ಗೆಲುವು’ ಎಂದೆ. ಆಣೆಯನ್ನು ಕಣ್ಣಿನಿಂದಲೂ ಕಂಡಿರದ ಮಕ್ಕಳು ಆ ಮಾತನ್ನು ಮನೆಯಲ್ಲಿ ಅಜ್ಜಿಯಿಂದ ಕೇಳಿದ್ದರು. ಮರುಕ್ಷಣವೇ ಒಬ್ಬಳು, ‘ಹಾಗಾದರೆ ಉಳಿದ ಎಂಟಾಣೆ ಯಾರು ಕೊಡಬೇಕು?’ ಎಂದು ಕೇಳಿದಳು. ಆ ನಿಯಮದ ತಿರುಳನ್ನು ನನಗಿಂತ ಚೆನ್ನಾಗಿ ಅವಳು ಹೇಳಿದ್ದಳು.

ಗೇಮ್ ಮಾಸ್ಟರನ್ನು ನಾವು ಸಾರಥಿ ಎಂದು ಕರೆದೆವು. ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದಾಗ ಸಾರಥಿ ಎದುರು ನಿಂತು, ತಾವು ಯಾರು, ಯಾವ ಊರು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳಿ ಪಾತ್ರದ ಬಾಯಿಂದಲೇ ಅದರ ಪರಿಚಯವನ್ನು ಹೊರಡಿಸುತ್ತಾನೆ. ಮೊದಲ ಸೆಷನ್ನಿನಲ್ಲಿ ಆಡಿಸುವವರು ಮಾಡಬೇಕಾದ ಕೆಲಸವೂ ಇದೇ ತಾನೆ? ಬಯಲಾಟ ಕಂಡ ಊರಿನ ಮಕ್ಕಳಿಗೆ ಈ ಆಟದ ಸ್ವರೂಪವನ್ನು ಬೇರೆ ವಿವರಿಸಬೇಕಾಗಲಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳುತ್ತೇನೆ. ದಾಳದ ಬದಲು ನಾಲ್ಕು ಕವಡೆ ಎಸೆಯೋಣವೆಂಬ ಆಸೆ ನಮ್ಮಂಥವರಿಗೆ ಬರುವುದು ಸಹಜ, ನಾನೂ ಹಾಗೆಯೇ ಆರಂಭಿಸಿದೆ. ಆದರೆ ಕವಡೆ ನಾಣ್ಯದಂತೆ ಎರಡು ಕಡೆಗೂ ಸಮನಾಗಿ ಬೀಳುವುದಿಲ್ಲ; ಬೆನ್ನಿನ ಉಬ್ಬು ಒಂದೊಂದಕ್ಕೆ ಒಂದೊಂದು ಬಗೆ ಇರುತ್ತದೆ. ಚೌಕಾಬಾರದಲ್ಲಿ ಎಲ್ಲರೂ ಅವೇ ಕವಡೆಗಳನ್ನು ಎಸೆಯುವುದರಿಂದ ಯಾರಿಗೂ ಅನ್ಯಾಯವಾಗುವುದಿಲ್ಲ. ಇಲ್ಲಿಯಾದರೋ ಗೆಲುವಿನ ಅವಕಾಶ ಎಷ್ಟೆಂದು ಮೊದಲೇ ತಿಳಿದು ಪಾತ್ರದ ಅಂಕಗಳನ್ನು ಇಡಬೇಕು. ಬೇರೆ ಕವಡೆ ತಂದ ದಿನ ನಮ್ಮ ಲೆಕ್ಕವೆಲ್ಲ ಕೆಟ್ಟಿತು.

ಗುಡ್ಡದ ಬುಡ, ಬಳ್ಳಾರಿ

ಎಲ್ಲರಿಗೂ ವಂದನೆಗಳು. ಗಂಗಾವತಿಯವರ ಸಲಹೆಗೆ ಮೊದಲು ಉತ್ತರಿಸುತ್ತೇನೆ. ಕುಮಾರರಾಮನ ಕಥೆ ಒಬ್ಬ ವೀರನ ಸುತ್ತ ಹೆಣೆದದ್ದು. ಐವರು ಕುಳಿತ ಮೇಜಿನಲ್ಲಿ ಒಬ್ಬರು ರಾಮನಾದರೆ ಉಳಿದ ನಾಲ್ವರು ಅವನ ಹಿಂದೆ ನಡೆಯಬೇಕಾಗುತ್ತದೆ. ಗರ್ಪ್ಸ್ ನನಗೂ ಇಷ್ಟ. ಆದರೆ ಅಂಕಗಳನ್ನು ಹಂಚಿ ಪಾತ್ರ ಕಟ್ಟುವುದಕ್ಕೇ ಒಂದು ಭಾನುವಾರ ಹೋಗುತ್ತದೆ, ಹೊಸಬರನ್ನು ನಾವು ಅಲ್ಲಿಯೇ ಕಳೆದುಕೊಳ್ಳುತ್ತೇವೆ.

ಐದನೆಯ ಆವೃತ್ತಿಯನ್ನು ಬಿಡಲು ಹೊತ್ತಿನ ಕೊರತೆಗಿಂತ ದೊಡ್ಡ ಕಾರಣವೊಂದು ಈ ವಾರ ಪಾತ್ರದ ಹಾಳೆ ಬರೆಯಲು ಕುಳಿತಾಗ ನನಗೆ ಕಂಡಿತು. ಅಲ್ಲಿ ಪಾತ್ರ ಆರಂಭವಾಗುವುದು ‘ನೀನು ಯಾರಾಗಿ ಹುಟ್ಟಿದೆ’ ಎಂಬ ಪ್ರಶ್ನೆಯಿಂದ. ಎಲ್ಫ್, ಡ್ವಾರ್ಫ್ ಮೊದಲಾದ ಹುಟ್ಟುಗಳಿಗೆ 2014ರ ಪುಸ್ತಕ ಬೇರೆ ಬೇರೆ ಗುಣಾಂಕಗಳನ್ನು ಕೊಡುತ್ತಿತ್ತು. 2024ರ ಪರಿಷ್ಕರಣೆ ಅವನ್ನು ಹುಟ್ಟಿನಿಂದ ಬಿಡಿಸಿ ಪಾತ್ರದ ಹಿನ್ನೆಲೆಗೆ ಜೋಡಿಸಿತು. ಎಲ್ಫ್‌ಗಳಿಲ್ಲದ ಎಡೆದೊರೆ ನಾಡಿಗೆ ಅದೇ ಚೌಕಟ್ಟನ್ನು ತಂದರೆ ಆ ಖಾಲಿ ಜಾಗದಲ್ಲಿ ತಾನಾಗಿಯೇ ಜಾತಿ ಬಂದು ಕುಳಿತುಕೊಳ್ಳುತ್ತದೆ. ಬೇಡರ ಹುಡುಗನಿಗೆ ಬಿಲ್ಲಿನಲ್ಲಿ ಎರಡು ಹೆಚ್ಚು, ಶಾನುಭೋಗರ ಮಗನಿಗೆ ಬುದ್ಧಿಯಲ್ಲಿ ಎರಡು ಹೆಚ್ಚು ಎಂದು ನನ್ನ ಕೈಯಾರೆ ಬರೆದ ಹಾಳೆಯನ್ನು ನಾನೇ ಹರಿದುಹಾಕಿದೆ. ನಮ್ಮ ಮೇಜಿನಲ್ಲಿ ಕೂರುವ ಐವರೂ ಒಂದೇ ಸಮುದಾಯದವರಲ್ಲ. ಯಾರ ಹುಟ್ಟಿಗೂ ನಾನು ಅಂಕ ಹಾಕುವುದಿಲ್ಲ. ಈ ಮಾತಿನಲ್ಲಿ ರಾಜಿ ಇಲ್ಲ.

ಧರ್ಮದ ವಿಷಯವೂ ಹಾಗೆಯೇ. ಎರಡು ಬಣ್ಣಗಳ ಸೈನ್ಯ ಎದುರುಬದುರು ನಿಂತ ಚಿತ್ರ ಶಾಲೆಯ ಪುಸ್ತಕದಿಂದ ನಮ್ಮ ತಲೆಯಲ್ಲಿ ಕುಳಿತಿದೆ. ಇಮ್ಮಡಿ ದೇವರಾಯನ ಕಾಲದಿಂದಲೇ ವಿಜಯನಗರದ ಸೈನ್ಯದಲ್ಲಿ ಮುಸ್ಲಿಂ ಸವಾರರಿದ್ದರು. ರಾಯಚೂರಿನ ಮುತ್ತಿಗೆಯಲ್ಲಿ ಕ್ರಿಸ್ತೊವಾವ್ ದ ಫಿಗೆರೆದೊ ಎಂಬವನ ಕೈಕೆಳಗಿನ ಪೋರ್ಚುಗೀಸ್ ಬಂದೂಕುಗಾರರು ರಾಯನ ಕಡೆಯಿಂದ ಗುಂಡು ಹಾರಿಸಿದರು. ಯಾವ ಪದ್ಧತಿ ಆರಿಸಿದರೂ, ಪಾತ್ರ ಯಾರ ಉಪ್ಪು ತಿಂದಿದೆ, ಯಾರಿಗೆ ಮಾತು ಕೊಟ್ಟಿದೆ ಎಂಬುದು ಹಾಳೆಯ ಮೇಲಿರಬೇಕು, ಅದರ ದೇವರು ಯಾರೆಂಬುದಕ್ಕೆ ಅಂಕವಿರಬಾರದು.

ದೋಆಬದ ದಾರಿ, ರಾಯಚೂರು

ಇದನ್ನು ನೀವು ಎತ್ತಿದ್ದು ಒಳ್ಳೆಯದಾಯಿತು. ಶೇಕಡಾವಾರು ಪದ್ಧತಿಯಲ್ಲಿ ಹುಟ್ಟಿನ ಬದಲು ಕಸುಬಿನಿಂದ ಆರಂಭಿಸಬಹುದು: ಅಂಬಿಗ, ಕುದುರೆ ದಳ್ಳಾಳಿ, ಲೆಕ್ಕಿಗ, ನಾಟಿ ವೈದ್ಯೆ, ಕಂಚುಗಾರ. ಯಾವ ಕಸುಬನ್ನು ಯಾರು ಬೇಕಾದರೂ ಆರಿಸಿಕೊಳ್ಳಲಿ. ಇನ್ನೊಂದು ಅನುಕೂಲವೂ ಇದೆ. ಇಲ್ಲಿ ಭಾಷೆಯೂ ಒಂದು ಕೌಶಲ. ಕನ್ನಡ 80, ತೆಲುಗು 60, ದಖನಿ 45, ಫಾರ್ಸಿ 15 ಎಂದು ಬರೆದುಕೊಂಡ ಓಲೆಕಾರ, ಫಾರ್ಸಿ ಪತ್ರವನ್ನು ಕದ್ದು ತಂದರೂ ಓದಲು ಮುದಗಲ್ಲಿನಲ್ಲಿ ನಂಬಿಗಸ್ತನೊಬ್ಬನನ್ನು ಹುಡುಕಬೇಕು. ಒಂದು ಇಡೀ ಸೆಷನ್ ಅಲ್ಲಿಂದಲೇ ಹುಟ್ಟುತ್ತದೆ. ರಾಯಚೂರಿನ ಸಂತೆಯಲ್ಲಿ ಇಂದಿಗೂ ಒಂದೇ ಮಾತಿನೊಳಗೆ ಮೂರು ಭಾಷೆ ಕೇಳುವವರಿಗೆ ಇದು ಎಷ್ಟು ನಿಜವೆಂದು ಗೊತ್ತು.

ಹಳೆಯ ಸಂಗಾತಿಯವರ ಪ್ರಶ್ನೆಗೂ ಉತ್ತರ ಹೇಳುತ್ತೇನೆ. ಆಟದಲ್ಲಿ ಕೌಶಲವೊಂದನ್ನು ಬಳಸಿ ಗೆದ್ದಾಗ ಅದರ ಪಕ್ಕ ಗುರುತು ಹಾಕಿಕೊಳ್ಳಬೇಕು. ಕೊನೆಯಲ್ಲಿ ಆ ಕೌಶಲಕ್ಕೆ ಮತ್ತೆ ದಾಳ ಎಸೆದು, ಈಗಿರುವ ಅಂಕಕ್ಕಿಂತ ಹೆಚ್ಚು ಬಂದರೆ ಮಾತ್ರ ಅದು ಬೆಳೆಯುತ್ತದೆ. ಕಡಿಮೆ ಬಲ್ಲವನು ಬೇಗ ಕಲಿಯುತ್ತಾನೆ, ಬಹಳ ಬಲ್ಲವನು ನಿಧಾನವಾಗಿ ಕಲಿಯುತ್ತಾನೆ. ಮನೆಗೆ ಹೋಗುವಾಗಿನ ಸಂತೋಷ ಇಲ್ಲಿ ಪ್ರತಿ ವಾರವೂ ಉಂಟು.

ಗುಡ್ಡದ ಬುಡ, ಬಳ್ಳಾರಿ

ವಾದ ಎಷ್ಟು ಮಾಡಿದರೂ ಮೇಜಿನ ಮೇಲೆ ನೋಡದೆ ತಿಳಿಯುವುದಿಲ್ಲವೆಂದು ಕಳೆದ ಭಾನುವಾರ ಒಂದೇ ಪ್ರಸಂಗವನ್ನು ಎರಡು ಪದ್ಧತಿಗಳಲ್ಲಿ, ಒಂದೊಂದಕ್ಕೆ ಒಂದು ಗಂಟೆಯಂತೆ ಆಡಿದೆವು. ಪತ್ರವೊಂದನ್ನು ಕೃಷ್ಣೆಯ ಉತ್ತರ ದಡದಿಂದ ರಾತ್ರಿ ಈಚೆಗೆ ತರಬೇಕು. ದೋಣಿ ಎಂದರೆ ಬೆತ್ತದ ಬುಟ್ಟಿಗೆ ಚರ್ಮ ಹೊದಿಸಿದ ಹರಿಗೋಲು. ಅದೇ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಕಂಡು ಬರೆದದ್ದೂ ಇದನ್ನೇ, ಆನೆಗೊಂದಿಯಲ್ಲಿ ನಾವು ಹತ್ತಿದ್ದೂ ಇದನ್ನೇ. ಆದ್ದರಿಂದ ಅದು ಸುತ್ತುತ್ತ ಸಾಗುವ ಬಗೆಯನ್ನು ಯಾರಿಗೂ ವರ್ಣಿಸಬೇಕಾಗಲಿಲ್ಲ.

ಶೇಕಡಾವಾರಿನಲ್ಲಿ ಹೊಸ ಆಟಗಾರ್ತಿಯ ಅಂಬಿಗನ ಪಾತ್ರಕ್ಕೆ ಹರಿಗೋಲು 55 ಇತ್ತು. ದಾಳದಲ್ಲಿ 71 ಬಂತು. ಸೋಲು. ಒಂದು ಕ್ಷಣ ಎಲ್ಲರೂ ಸುಮ್ಮನೆ ಕುಳಿತರು, ನಾನು ಹೆದರಿದ್ದ ಮೌನ ಅದೇ. ಆಗ ಕಾಲ್ ಆಫ್ ಕ್ತುಲ್ಹುವಿನ 7ನೆಯ ಆವೃತ್ತಿಯಲ್ಲಿರುವ ಮರುಯತ್ನದ ನಿಯಮವನ್ನು ತಂದೆ: ಬೇರೆ ಉಪಾಯ ಹೇಳಿ ಇನ್ನೊಮ್ಮೆ ಎಸೆಯಬಹುದು, ಆದರೆ ಈ ಸಲವೂ ಸೋತರೆ ಮೊದಲಿಗಿಂತ ದೊಡ್ಡ ಅನಾಹುತ ಕಾದಿರುತ್ತದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, ‘ಹುಟ್ಟು ಬಿಟ್ಟು ನೀರಿಗಿಳಿದು ಹರಿಗೋಲನ್ನು ತಳ್ಳುತ್ತೇನೆ, ಸೆಳವು ಎಳೆದರೆ ನಾನು ಹೋಗುತ್ತೇನೆ, ಪತ್ರ ಉಳಿಯುತ್ತದೆ’ ಎಂದರು. ದಾಳದಲ್ಲಿ 38 ಬಂತು. ಮೇಜಿನ ಸುತ್ತ ಎಲ್ಲರೂ ಎದ್ದು ನಿಂತಿದ್ದರು.

ಎರಡು ದಾಳದ ಪದ್ಧತಿಯಲ್ಲಿ ಅದೇ ಪ್ರಸಂಗಕ್ಕೆ ಎಂಟು ಬಂತು. ದಡ ಸೇರಿದರು, ಪತ್ರ ತೊಯ್ದು ಅರ್ಧ ಮಸಿ ಅಳಿಸಿಹೋಯಿತು. ಉಳಿದ ಸಾಲುಗಳಲ್ಲಿ ಏನಿತ್ತೆಂದು ಊಹಿಸುವುದರಲ್ಲಿ ಮುಂದಿನ ಅರ್ಧ ಗಂಟೆ ಕಳೆದ ಬಗೆ ಬಹಳ ಸೊಗಸಾಗಿತ್ತು. ಆದರೆ ಆ ಒಂದು ಗಂಟೆಯಲ್ಲಿ ಹದಿನಾಲ್ಕು ಎಸೆತಗಳಾದವು, ಅವುಗಳಲ್ಲಿ ಆರು ಎಂಟಾಣೆ ಗೆಲುವುಗಳು. ನಾಲ್ಕನೆಯದರ ಹೊತ್ತಿಗೆ ನನ್ನ ಬಳಿ ಹೊಸ ತೊಡಕು ಉಳಿದಿರಲಿಲ್ಲ. ‘ಕಾವಲುಗಾರ ನೋಡಿದ’ ಎಂದು ಮೂರು ಸಲ ಹೇಳಿದೆ. ಪದ್ಧತಿಯಲ್ಲಿ ಕೊರತೆಯಿಲ್ಲ, ಅದು ಕೇಳುವಷ್ಟು ಬೇಗ ಕಲ್ಪಿಸುವ ಶಕ್ತಿ ನನಗಿನ್ನೂ ಬಂದಿಲ್ಲ.

ಕಿನ್ನಾಳ ಬಣ್ಣ, ಕೊಪ್ಪಳ

ಪ್ರಾಮಾಣಿಕವಾದ ವರದಿ. ಒಂದು ದಾರಿ ಇದೆ: ಬೆಲೆ ಏನೆಂದು ಹೇಳುವ ಹೊಣೆಯನ್ನು ಎಸೆದವರಿಗೇ ಬಿಡಿ. ನನ್ನ ಮೇಜಿನಲ್ಲಿ ಆಟಗಾರರು ತಮಗೆ ತಾವೇ ವಿಧಿಸಿಕೊಳ್ಳುವ ನಷ್ಟ ನಾನು ವಿಧಿಸುವುದಕ್ಕಿಂತ ಯಾವಾಗಲೂ ಕಠಿಣವಾಗಿರುತ್ತದೆ. ಅಲ್ಲದೆ ಎಂಟಾಣೆ ಗೆಲುವನ್ನು ಪಡೆಯಲು ಪದ್ಧತಿಯನ್ನೇ ಬದಲಿಸಬೇಕೆಂದಿಲ್ಲ. ಶೇಕಡಾವಾರಿನಲ್ಲಿ ಹತ್ತು ಅಂಕದೊಳಗೆ ತಪ್ಪಿದ ಎಸೆತಕ್ಕೆ ಅದನ್ನು ಕೊಡಿ. 55 ಇದ್ದವರಿಗೆ 56ರಿಂದ 65ರವರೆಗೆ. ಹತ್ತು ಎಸೆತಕ್ಕೆ ಒಂದು ಸಲ ಬರುತ್ತದೆ. ಆರರ ಬದಲು ಒಂದೋ ಎರಡೋ ತೊಡಕುಗಳನ್ನು ಕಲ್ಪಿಸಿದರೆ ಸಾಕು. ಮುತ್ತಿಗೆಗಾಗಿ ಬೇರೊಂದು ಆಟವಾದ ಬ್ಲೇಡ್ಸ್ ಇನ್ ದಿ ಡಾರ್ಕ್‌ನ ಗಡಿಯಾರವನ್ನು ತೆಗೆದುಕೊಳ್ಳಿ: ಒಂದು ವೃತ್ತವನ್ನು ಎಂಟು ಭಾಗ ಮಾಡಿ, ಓಲೆಕಾರರು ತಡ ಮಾಡಿದಾಗಲೆಲ್ಲ ಒಂದು ಭಾಗಕ್ಕೆ ಬಣ್ಣ ತುಂಬುತ್ತ ಹೋಗಿ. ಎಲ್ಲರ ಕಣ್ಣಿಗೂ ಬೀಳುವಂತೆ ಮೇಜಿನ ನಡುವೆ ಇಡಿ.

ಹಳೆಯ ಸಂಗಾತಿ, ಬಳ್ಳಾರಿ

ನಾನು ಒಪ್ಪಿದೆ. ಆ ರಾತ್ರಿ ಹೊಳೆ ದಾಟಿದಾಗ ಒಬ್ಬರೂ ಲೆವೆಲ್ಲಿನ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಹತ್ತು ಮುಖದ ದಾಳ ನಮ್ಮ ಊರಿನ ಅಂಗಡಿಗಳಲ್ಲಿ ಸಿಗದು, ಆನ್‌ಲೈನಿನಲ್ಲಿ ತರಿಸುವವರೆಗೆ ಏನು ಮಾಡುವುದು?

ಭತ್ತದ ಗದ್ದೆ, ಸಿಂಧನೂರು

ಇಸ್ಪೀಟಿನ ಕಟ್ಟಿನಿಂದ ಒಂದು ಕೆಂಪು ಜಾತಿಯ ಮತ್ತು ಒಂದು ಕಪ್ಪು ಜಾತಿಯ ಎಕ್ಕದಿಂದ ಹತ್ತರವರೆಗಿನ ಎಲೆಗಳನ್ನು ಆರಿಸಿಕೊಳ್ಳಿ. ಕೆಂಪು ಹತ್ತರ ಸ್ಥಾನ, ಕಪ್ಪು ಬಿಡಿ ಸ್ಥಾನ, ಹತ್ತರ ಎಲೆ ಸೊನ್ನೆ. ಎರಡೂ ಸೊನ್ನೆ ಬಂದರೆ ನೂರು. ಪ್ರತಿ ಸಲವೂ ತೆಗೆದ ಎಲೆಯನ್ನು ಮತ್ತೆ ಸೇರಿಸಿ ಕಲೆಸಬೇಕು, ಇಲ್ಲವಾದರೆ ಲೆಕ್ಕ ಕವಡೆಯಂತೆಯೇ ಕೆಡುತ್ತದೆ. ನನ್ನ ಮಕ್ಕಳು ಎರಡು ವರ್ಷ ಹೀಗೆಯೇ ಆಡಿದ್ದಾರೆ.

ಗುಡ್ಡದ ಬುಡ, ಬಳ್ಳಾರಿ

ಹಾಗಾದರೆ ಹೀಗೆ ನಿಶ್ಚಯಿಸುತ್ತೇನೆ. ಬುನಾದಿ ಶೇಕಡಾವಾರು, ಆರಂಭ ಕಸುಬಿನಿಂದ, ಭಾಷೆಗಳೆಲ್ಲ ಕೌಶಲಗಳು. ಹತ್ತರೊಳಗೆ ತಪ್ಪಿದರೆ ಎಂಟಾಣೆ ಗೆಲುವು, ಉಳಿದ ಎಂಟಾಣೆ ಏನೆಂದು ಎಸೆದವರೇ ಹೇಳಬೇಕು; ಅದಕ್ಕಿಂತ ಹೆಚ್ಚು ತಪ್ಪಿದವರಿಗೆ ಮರುಯತ್ನವುಂಟು. ಮುತ್ತಿಗೆಗೆ ಎಂಟು ಭಾಗದ ಗಡಿಯಾರ. ಇಷ್ಟನ್ನೂ ಕನ್ನಡದಲ್ಲಿ ಒಂದೇ ಹಾಳೆಯ ಎರಡು ಬದಿಗೆ ಬರೆದಿದ್ದೇನೆ. ನಿನ್ನೆ ಹೊಸ ಆಟಗಾರ್ತಿಗೆ ಅದನ್ನು ತೋರಿಸದೆ ಬಾಯಲ್ಲಿಯೇ ಹೇಳಿದೆ, ಚಹಾ ಆರುವುದರೊಳಗೆ ಮುಗಿಯಿತು. ಆಕೆ ಅದನ್ನು ತಮ್ಮ ತಂಗಿಗೆ ಫೋನಿನಲ್ಲಿ ತಪ್ಪಿಲ್ಲದೆ ಹೇಳಿ ಒಪ್ಪಿಸಿದರು. ತಂಗಿಯೂ ಬರುತ್ತಾರಂತೆ, ಕುದುರೆ ದಳ್ಳಾಳಿಯ ಪಾತ್ರ ಬೇಕಂತೆ.

ಬರುವ ಭಾನುವಾರ ಸಾರಥಿಯಾಗಿ ಮೊದಲ ಪ್ರಶ್ನೆ ಕೇಳುವವನು ನಾನು. ರಾಯಚೂರಿನವರಲ್ಲಿ ಒಂದು ಕೋರಿಕೆ ಉಳಿದಿದೆ: ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ಆ ಉದ್ದನೆಯ ಕಲ್ಲಿನ ಫೋಟೊ ಇದ್ದರೆ ಕಳುಹಿಸಿಕೊಡಿ. ಓಲೆಕಾರರು ಮೊದಲ ಸಲ ಭೇಟಿಯಾಗುವುದು ಅದರ ಬುಡದಲ್ಲಿ.